ಕಪ್ಪು ಮಣ್ಣಿನ ಘಾಟು

ಚುರುಟು ಎಂದೊಡನೆ ಕಣ್ಣ ಮುಂದೆ ಬರುವುದು ಚರ್ಚಿಲ್ಲರ ದಪ್ಪ ತುಟಿ, ಕ್ಯಾಸ್ಟ್ರೊ ಅವರ ಗಡ್ಡ. ಕಿವಿಗೆ ಬೀಳುವುದು ಹವಾನಾ ಎಂಬ ಹೆಸರು. ಆದರೆ ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ರಾತ್ರಿಯೂಟ ಮುಗಿಸಿ, ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ವಾರಕ್ಕೊಂದು ಚುರುಟು ಹಚ್ಚುವ ಸಾಧಾರಣ ಸಂಬಳದ ಮನುಷ್ಯನ ಕೈಯಲ್ಲಿ ಹವಾನಾ ಇರುವುದಿಲ್ಲ. ಅವನ ದೇಶದ ಅಂಗಡಿಗಳಲ್ಲಿ 1962ರಿಂದ ಅದರ ಮಾರಾಟಕ್ಕೆ ನಿಷೇಧವಿದೆ. ಅವನ ಬೆರಳುಗಳ ನಡುವೆ ಇರುವುದು, ಹೆಚ್ಚು ಸಲ, ನಿಕರಾಗುವಾ ದೇಶದ ಎಸ್ತೆಲಿ ಎಂಬ ಊರಿನಲ್ಲಿ ಸುತ್ತಿದ ಚುರುಟು. ಬಣ್ಣ ಹುರಿದ ಕಾಫಿ ಬೀಜದ್ದು. ಮೈಮೇಲೆ ತೆಳುವಾದ ಎಣ್ಣೆಯ ಹೊಳಪು. ಮೊದಲ ದಮ್ಮಿಗೇ ನಾಲಗೆಯ ಮೇಲೆ ಕಾಳುಮೆಣಸು ಒಡೆದ ಖಾರ. ಬೆಲೆ ಮಾತ್ರ ಹೆಸರಾಂತ ಹವಾನಾದ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಕಡಿಮೆ ಬೆಲೆ ಎಂದರೆ ಕಳಪೆ ಮಾಲು ಎಂಬ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಚುರುಟಿನ ವಿಷಯದಲ್ಲಿ ಅದು ತಪ್ಪುತ್ತದೆ. ಎಸ್ತೆಲಿಯ ಚುರುಟು ಗಟ್ಟಿಯಾಗಿರುವುದಕ್ಕೆ ಅಲ್ಲಿನ ಮಣ್ಣು ಕಾರಣ. ಕೈಗೆಟುಕುವ ಬೆಲೆಗೆ ಸಿಗುವುದರ ಹಿಂದೆ ಎರಡು ಕ್ರಾಂತಿಗಳು, ಎರಡು ದಿಗ್ಬಂಧನಗಳು, ಒಮ್ಮೆ ಸುಟ್ಟು ಮತ್ತೆ ಎದ್ದ ಊರು ಮತ್ತು ಸಾವಿರಾರು ಜನರ ಕೈಕೆಲಸ ಇದೆ.

'ಗಟ್ಟಿ' ಎಂಬ ಮಾತಿಗೆ ಮೊದಲು ಅರ್ಥ ಹೇಳಬೇಕು. ಚುರುಟು ಬಲ್ಲವರು ಎರಡು ಗುಣಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಒಂದು ಅದರ ಅಮಲು, ಅಂದರೆ ನಿಕೋಟಿನ್ ತಲೆಗೇರುವ ಬಗೆ. ಇನ್ನೊಂದು ಅದರ ಮೈ: ಹೊಗೆ ಬಾಯಿ ತುಂಬುವ ರೀತಿ, ಅದರ ತೂಕ, ನಾಲಗೆಯ ಮೇಲೆ ಉಳಿಯುವ ಕಾಲ. ಫಿಲ್ಟರ್ ಕಾಫಿ ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಡಿಕಾಕ್ಷನ್ನಿಗೂ ಎರಡನೆಯದಕ್ಕೂ ಇರುವ ಅಂತರ ಬರೀ ಕಹಿಯದಲ್ಲ. ಬಾಯಿಗೆ ಸಿಗುವ ತೂಕವೇ ಬೇರೆ. ಅಮಲು ಜಾಸ್ತಿಯಿದ್ದು ರುಚಿ ತೆಳ್ಳಗಿರುವ ಚುರುಟುಗಳೂ ಇವೆ, ತಲೆಗೆ ಏರದೆ ಬಾಯಿ ತುಂಬುವ ಚುರುಟುಗಳೂ ಇವೆ. ಎರಡೂ ಕೂಡಿ ಬರುವುದು ನಿಕರಾಗುವಾದ ಎಲೆಯ ಹೆಗ್ಗುರುತು.

ಈ ಎಲೆ ಬೆಳೆಯುವ ಜಾಗಗಳು ನಾಲ್ಕು. ರಾಜಧಾನಿ ಮನಾಗುವಾದಿಂದ ಉತ್ತರಕ್ಕೆ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಕಣಿವೆಯಲ್ಲಿರುವ ಎಸ್ತೆಲಿ ಮೊದಲನೆಯದು. ಅಲ್ಲಿನದು ಜ್ವಾಲಾಮುಖಿಯ ಬೂದಿ ಬೆರೆತ ಕಪ್ಪು ಜಿಗುಟು ಮಣ್ಣು. ಎಲೆ ದಪ್ಪ, ಘಾಟು ಜಾಸ್ತಿ. ಇನ್ನೂ ಉತ್ತರಕ್ಕೆ, ಹೊಂಡುರಾಸ್ ಗಡಿಗೆ ತಾಗಿದ ಹಲಾಪಾ ಕಣಿವೆಯ ಕೆಂಪು ಮಣ್ಣಿನಲ್ಲಿ ಎಲೆ ಮೃದು, ರುಚಿಯಲ್ಲಿ ಒಂದು ಬಗೆಯ ಸಿಹಿ. ಇವೆರಡರ ನಡುವಿನ ಗುಣ ಕೊಂಡೇಗಾದ್ದು. ನಾಲ್ಕನೆಯದಾದ ಒಮೆತೆಪೆ ನಿಕರಾಗುವಾ ಸರೋವರದೊಳಗಿನ ದ್ವೀಪ. ಎರಡು ಜ್ವಾಲಾಮುಖಿಗಳೇ ಕೂಡಿ ಆದ ದ್ವೀಪ ಎಂದರೂ ಸರಿ. ಅಲ್ಲಿನ ಎಲೆಗೆ ಮಳೆ ಬಿದ್ದ ಮಣ್ಣಿನ ವಾಸನೆ ಇದೆ ಎನ್ನುತ್ತಾರೆ. ಒಂದೇ ಬೀಜವನ್ನು ಈ ನಾಲ್ಕು ಕಡೆ ಬಿತ್ತಿದರೆ ನಾಲ್ಕು ರುಚಿ ಸಿಗುತ್ತದೆ. ಚುರುಟಿನ ಮಿಶ್ರಣ ಮಾಡುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ. ಒಂದೇ ದೇಶದ ಎಲೆಯಿಂದ ಇಡೀ ಚುರುಟು ಮಾಡಿದರೆ ಸ್ಪ್ಯಾನಿಷಿನಲ್ಲಿ ಅದಕ್ಕೆ 'ಪುರೊ' ಎಂಬ ಹೆಸರುಂಟು. ನಿಕರಾಗುವಾಕ್ಕೆ ಅದು ಸಾಧ್ಯವಾದದ್ದು ಈ ನಾಲ್ಕು ಮಣ್ಣುಗಳಿಂದ.

ಗಿಡದಲ್ಲಿ ಎಲೆ ಇರುವ ಜಾಗವೂ ಮುಖ್ಯ. ತಂಬಾಕಿನ ಬೀಜ ರಾಗಿಗಿಂತಲೂ ಎಷ್ಟೋ ಸಣ್ಣದು. ಒಂದು ಗ್ರಾಂಗೆ 10 ಸಾವಿರಕ್ಕೂ ಹೆಚ್ಚು. ಸಸಿಮಡಿಯಲ್ಲಿ ಬೆಳೆಸಿ ನಾಟಿ ಮಾಡಿದ ಗಿಡ ಮೊಗ್ಗು ಬಿಡುವ ಹೊತ್ತಿಗೆ ಅದರ ಕುಡಿ ಮುರಿಯುತ್ತಾರೆ. ಹೂವಿಗೆ ಹೋಗಬೇಕಾದ ಸಾರ ಎಲೆಗೆ ಇಳಿಯುತ್ತದೆ. ಬುಡದ ಎಲೆಗೆ 'ವೊಲಾಡೊ' ಎಂದು ಹೆಸರು. ತೆಳುವಾದ ಅದು ಚೆನ್ನಾಗಿ ಉರಿಯುತ್ತದೆ. ನಡುವಿನ 'ಸೆಕೊ' ಪರಿಮಳ ಕೊಡುತ್ತದೆ. ತುದಿಯ 'ಲಿಹೆರೊ' ಬಿಸಿಲನ್ನೆಲ್ಲ ತಾನೇ ಕುಡಿದು ದಪ್ಪಗೆ, ಎಣ್ಣೆಣ್ಣೆಯಾಗಿ ಬೆಳೆಯುತ್ತದೆ. ಘಾಟು, ಅಮಲು, ಮೈ ಎಲ್ಲ ಅದರಲ್ಲೇ. ಆದರೆ ಲಿಹೆರೊ ಸುಲಭವಾಗಿ ಉರಿಯುವುದಿಲ್ಲ. ಅದಕ್ಕೇ ಅದನ್ನು ಚುರುಟಿನ ನಟ್ಟನಡುವೆ ಇಟ್ಟು ಸುತ್ತಲೂ ಉಳಿದ ಎಲೆಗಳನ್ನು ಹೊದಿಸುತ್ತಾರೆ. ಗಟ್ಟಿ ಚುರುಟು ಎಂದರೆ ಈ ಲಿಹೆರೊ ಪಾಲು ಹೆಚ್ಚಿರುವ ಚುರುಟು.

ಕೊಯ್ದ ಎಲೆಯನ್ನು ದಾರಕ್ಕೆ ಪೋಣಿಸಿ ಕೊಟ್ಟಿಗೆಯಲ್ಲಿ ತಿಂಗಳೂವರೆ ಗಾಳಿಗೆ ತೂಗುಹಾಕುತ್ತಾರೆ. ಹಸಿರು ಹೋಗಿ ಕಂದು ಬರುತ್ತದೆ. ಆಮೇಲಿನದೇ ನಿಜವಾದ ಕೆಲಸ. ತುಸು ತೇವ ಮಾಡಿದ ಎಲೆಗಳನ್ನು ಆಳೆತ್ತರದ ಬಣವೆಯಾಗಿ ಒಟ್ಟುತ್ತಾರೆ. ಹಸಿ ಹುಲ್ಲಿನ ಬಣವೆ ಒಳಗೊಳಗೇ ಕಾಯುವುದನ್ನು ನಮ್ಮ ರೈತರು ಬಲ್ಲರು; ಇಲ್ಲೂ ಹಾಗೆಯೇ. ಬಣವೆಯ ಒಳಗೆ ಶಾಖ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಳಗೆ ತೂರಿಸಿದ ಥರ್ಮಾಮೀಟರ್ ನೋಡುತ್ತ, ಕಾವು ಮಿತಿಮೀರುವ ಮೊದಲೇ ಬಣವೆ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟಬೇಕು. ತಿಂಗಳುಗಟ್ಟಲೆ ಇದೇ ಕೆಲಸ. ಎಲೆಯೊಳಗಿನ ಅಮೋನಿಯಾ ಆವಿಯಾಗಿ ಹೋಗುತ್ತದೆ. ಮೊದಲ ಸಲ ಉಗ್ರಾಣದ ಬಾಗಿಲು ಹೊಕ್ಕವರ ಕಣ್ಣಲ್ಲಿ ನೀರು ಬರುತ್ತದೆ. ಕಡುಕಹಿ ಕಳೆದು ಕೋಕೊ, ಕಾಫಿ, ಚರ್ಮದ ಚೀಲ ಮುಂತಾದ ವಾಸನೆಗಳು ಹುಟ್ಟುವುದು ಇಲ್ಲೇ. ಲಿಹೆರೊಗೆ ಉಳಿದ ಎಲೆಗಳಿಗಿಂತ ಹೆಚ್ಚು ಕಾಲ ಬೇಕು. ಅವಸರ ಮಾಡಿದ ಕಾರ್ಖಾನೆಯ ಗಟ್ಟಿ ಚುರುಟು ಬರೀ ಗಂಟಲು ಕೆರೆಯುತ್ತದೆ. ಅದನ್ನು ಸೇದಿದವರೇ 'ನಿಕರಾಗುವಾದ್ದು ಒರಟು' ಎಂಬ ಅಪಖ್ಯಾತಿ ಹಬ್ಬಿಸಿದ್ದು.

ಕರ್ನಾಟಕವೂ ತಂಬಾಕಿನ ನಾಡೇ. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ಈ ಸೊಪ್ಪನ್ನು ಮೊದಲು ಕಂಡು ಬಾದಶಹನ ದರ್ಬಾರಿಗೆ ಕೊಂಡೊಯ್ದದ್ದು ಆದಿಲ್‌ಶಾಹಿಗಳ ವಿಜಾಪುರದಿಂದ. ಆದರೆ ಇಂದು ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿನ ಎಲೆ. ಅದನ್ನು ಬ್ಯಾರನ್ನಿನಲ್ಲಿ ಬೆಂಕಿಯ ಶಾಖದಿಂದ ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಸಕ್ಕರೆ ಅಂಶ ಎಲೆಯಲ್ಲೇ ಉಳಿದು ಹೊಗೆ ತುಸು ಆಮ್ಲೀಯವಾಗುತ್ತದೆ. ಅಂಥ ಹೊಗೆಯ ನಿಕೋಟಿನ್ ರಕ್ತಕ್ಕೆ ಸೇರಲು ಶ್ವಾಸಕೋಶಕ್ಕೇ ಇಳಿಯಬೇಕು. ಗಾಳಿಗೆ ಒಣಗಿಸಿ, ಬಣವೆ ಹಾಕಿ ಹುದುಗು ಬರಿಸಿದ ಚುರುಟಿನ ಎಲೆಯ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ಹೀರಿಕೊಳ್ಳುತ್ತದೆ. ಚುರುಟು ಸೇದುವವರು ಹೊಗೆ ನುಂಗದೆ ಬಾಯಲ್ಲಿ ಆಡಿಸಿ ಬಿಡುವುದರ ಗುಟ್ಟು ಇದು. ಗುಟ್ಟು ತಿಳಿಯದೆ ಸಿಗರೇಟಿನಂತೆ ಎಳೆದುಕೊಂಡವನಿಗೆ ಲಿಹೆರೊ ಅಲ್ಲೇ ಪಾಠ ಕಲಿಸುತ್ತದೆ.

ಎಸ್ತೆಲಿಗೆ ಈ ವಿದ್ಯೆ ಬಂದದ್ದು ಕ್ಯೂಬಾದಿಂದ. ಕ್ಯಾಸ್ಟ್ರೊ ಅವರ ಸರ್ಕಾರ 1960ರಲ್ಲಿ ಚುರುಟಿನ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡಿತು. ತಲೆಮಾರುಗಳಿಂದ ತಂಬಾಕು ಬೆಳೆದ ಅನೇಕ ಕುಟುಂಬಗಳು ಬೀಜ ಮತ್ತು ಅನುಭವ ಎರಡನ್ನೇ ನಂಬಿ ದೇಶ ಬಿಟ್ಟವು. 1962ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲೆ ದಿಗ್ಬಂಧನ ಹೇರಿದರು. ಅದಕ್ಕೆ ಸಹಿ ಹಾಕುವ ಮುನ್ನ ತಮಗೆ ಪ್ರಿಯವಾದ ಒಂದು ಸಾವಿರ ಕ್ಯೂಬನ್ ಚುರುಟು ತರಲು ಹೇಳಿದ್ದರೆಂದೂ, ತಾವು 1,200 ತಂದುಕೊಟ್ಟ ಮೇಲೆಯೇ ಸಹಿ ಬಿತ್ತೆಂದೂ ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಮುಂದೆ ಬರೆದರು. ಉಳಿದ ಅಮೆರಿಕನ್ನರಿಗೆ ಅಂಥ ಕಾರ್ಯದರ್ಶಿ ಇರಲಿಲ್ಲ. ಕ್ಯೂಬಾದ ಎಲೆಗೆ ಸಮನಾದ ಎಲೆ ಬೇರೆಲ್ಲಾದರೂ ಬೆಳೆಯಲೇಬೇಕಾಯಿತು. ವಲಸಿಗರ ಕಣ್ಣು ನಿಕರಾಗುವಾದ ಮಣ್ಣಿನ ಮೇಲೆ ಬಿತ್ತು. ಅಲ್ಲಿ ಆಳುತ್ತಿದ್ದ ಸೊಮೋಜಾ ಮನೆತನಕ್ಕೂ ಅದು ಬೇಕಾಗಿತ್ತು. 1968ರಲ್ಲಿ ಇಬ್ಬರು ಕ್ಯೂಬನ್ ವಲಸಿಗರು ಎಸ್ತೆಲಿಯಲ್ಲಿ ಶುರುಮಾಡಿದ ಕಾರ್ಖಾನೆಯ ಚುರುಟಿಗೆ 'ಹೋಯಾ ದೆ ನಿಕರಾಗುವಾ' ಎಂದು ಹೆಸರಾಯಿತು. ನಿಕರಾಗುವಾದ ಆಭರಣ ಎಂದು ಅದರ ಅರ್ಥ.

ಅದೇ ಕಾಲದಲ್ಲಿ ಮಯಾಮಿ ನಗರದಲ್ಲಿ ಹೋಸೆ ಒರ್ಲಾಂಡೊ ಪಾದ್ರೋನ್ ಎಂಬ ಇನ್ನೊಬ್ಬ ವಲಸಿಗ ಸರ್ಕಾರ ಕೊಡುತ್ತಿದ್ದ ನಿರಾಶ್ರಿತರ ಭತ್ಯೆ ಪಡೆಯಲು ನಾಚಿ, ಗೆಳೆಯ ಕೊಟ್ಟ ಒಂದು ಸುತ್ತಿಗೆ ಹಿಡಿದು ಬಡಗಿ ಕೆಲಸಕ್ಕೆ ನಿಂತಿದ್ದರು. ಕೂಡಿಟ್ಟ 600 ಡಾಲರಿನಲ್ಲಿ 1964ರಲ್ಲಿ ಚುರುಟಿನ ಸಣ್ಣ ಅಂಗಡಿ ಇಟ್ಟರು. ಕೆಲವೇ ವರ್ಷಗಳಲ್ಲಿ ನಿಕರಾಗುವಾದ ಎಲೆ ಅವರ ಕೈಗೆ ಸಿಕ್ಕಿತು. 1970ರಲ್ಲಿ ಕೆಲಸವನ್ನೇ ಎಸ್ತೆಲಿಗೆ ಒಯ್ದರು. ಸಿಂಗಾರವಿಲ್ಲದ, ಗಟ್ಟಿಯಾದ, ಮಯಾಮಿಯ ಕ್ಯೂಬನ್ ಕೂಲಿಕಾರರೂ ಕೊಳ್ಳಬಲ್ಲ ಚುರುಟು ಅದು. ನಿಕರಾಗುವಾದ ಚುರುಟು ಎಂದರೆ ಇಂದಿಗೂ ಜನ ನಿರೀಕ್ಷಿಸುವ ಗುಣಗಳು ಅಲ್ಲಿಂದಲೇ ಬಂದವು ಎನ್ನಬಹುದು.

ಮುಂದಿನ ಕಥೆ ಬೆಂಕಿಯದು. ಸೊಮೋಜಾ ವಿರುದ್ಧದ ಬಂಡಾಯದ ಬಿರುಸು ಎಸ್ತೆಲಿಗೆ ತಟ್ಟಿದಷ್ಟು ಬೇರೆ ಕೆಲವೇ ಊರುಗಳಿಗೆ ತಟ್ಟಿತು. 1978ರಲ್ಲಿ ಒಮ್ಮೆ, 1979ರಲ್ಲಿ ಮತ್ತೆ ಮತ್ತೆ ಅಲ್ಲಿ ಬೀದಿ ಕಾಳಗ ನಡೆಯಿತು. ಸರ್ವಾಧಿಕಾರಿಯ ವಿಮಾನಗಳು ಸ್ವಂತ ದೇಶದ ಊರಿನ ಮೇಲೇ ಬಾಂಬು ಸುರಿದವು. ಪಾದ್ರೋನ್ ಅವರ ಕಾರ್ಖಾನೆಗೆ 1978ರಲ್ಲಿ ಬೆಂಕಿ ಬಿತ್ತು. ಅದೇ ವರ್ಷ ಅವರು ರಾಜಕೀಯ ಕೈದಿಗಳ ಬಿಡುಗಡೆಗಾಗಿ ಕ್ಯಾಸ್ಟ್ರೊ ಜತೆ ಮಾತಾಡಲು ಹವಾನಾಕ್ಕೆ ಹೋದ ನಿಯೋಗದಲ್ಲಿದ್ದರು. ಕ್ಯಾಸ್ಟ್ರೊಗೆ ಚುರುಟು ಕೊಡುತ್ತಿರುವ ಅವರ ಛಾಯಾಚಿತ್ರ ಪ್ರಕಟವಾದ ಮೇಲೆ ಮಯಾಮಿಯ ಅವರ ಕಟ್ಟಡಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಾಂಬ್ ಇಟ್ಟರು. ಒಂದೂರಿನಲ್ಲಿ ಸೊಮೋಜಾನ ಮಿತ್ರನೆಂಬ ಗುಮಾನಿ, ಇನ್ನೊಂದೂರಿನಲ್ಲಿ ಕ್ಯಾಸ್ಟ್ರೊನ ಮಿತ್ರನೆಂಬ ಸಿಟ್ಟು!

1979ರ ಜುಲೈನಲ್ಲಿ ಸ್ಯಾಂಡಿನಿಸ್ಟಾಗಳು ಅಧಿಕಾರಕ್ಕೆ ಬಂದರು. ಹೋಯಾ ಕಾರ್ಖಾನೆ ಸರ್ಕಾರದ್ದಾಯಿತು. ಅಮೆರಿಕದ ಬೆಂಬಲದ ಕಾಂಟ್ರಾಗಳ ದಾಳಿ ಉತ್ತರದ ಗಡಿಯಲ್ಲಿ ಶುರುವಾಗಿ, ಹಲಾಪಾ ಕಣಿವೆ ರಣಭೂಮಿಯಾಯಿತು. 1985ರಲ್ಲಿ ಅಧ್ಯಕ್ಷ ರೇಗನ್ ನಿಕರಾಗುವಾದ ಮೇಲೂ ದಿಗ್ಬಂಧನ ಹೇರಿದರು. ಕ್ಯೂಬಾದ ದಿಗ್ಬಂಧನದಿಂದ ಬದುಕು ಕಂಡ ಊರಿಗೆ ಅದೇ ಬಗೆಯ ಇನ್ನೊಂದು ಆಜ್ಞೆ ಉರುಳಾಯಿತು. ಬೆಳೆಗಾರರಲ್ಲಿ ಅನೇಕರು ಗಡಿ ದಾಟಿ ಹೊಂಡುರಾಸಿಗೆ ಹೋದರು. 1990ರ ಚುನಾವಣೆಯಲ್ಲಿ ವಯೋಲೆತಾ ಚಮೊರೊ ಗೆದ್ದು ನಿರ್ಬಂಧ ತೆರವಾದ ಮೇಲೆ ಒಬ್ಬೊಬ್ಬರಾಗಿ ಮರಳಿದರು. 1994ರಲ್ಲಿ ಹೋಯಾ ಕಾರ್ಖಾನೆಯನ್ನು ಕೊಂಡವರು, ವಿಚಿತ್ರವೆಂದರೆ, ಸ್ಯಾಂಡಿನಿಸ್ಟಾ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅರ್ಥಶಾಸ್ತ್ರಜ್ಞ ಅಲೆಹಾಂದ್ರೊ ಮಾರ್ತಿನೆಸ್ ಕುಯೆಂಕಾ. ಇಂದು ಅಮೆರಿಕಕ್ಕೆ ಹೋಗುವ ಕೈಸುತ್ತಿನ ಒಳ್ಳೆಯ ಚುರುಟುಗಳಲ್ಲಿ ಅರ್ಧದ ಆಸುಪಾಸು ನಿಕರಾಗುವಾದವು.

ಇಂಥ ಚುರುಟನ್ನು ಸವಿಯುವುದಕ್ಕೂ ಒಂದು ಕ್ರಮವಿದೆ. ಖಾಲಿ ಹೊಟ್ಟೆಯಲ್ಲಿ ಸೇದಬಾರದು ಎಂಬುದು ಮೊದಲ ಮಾತು. ತಲೆ ಸುತ್ತಿ ಬೆವರೊಡೆದೀತು. ಹಾಗಾದಾಗ ಬಾಯಿಗೆ ತುಸು ಸಕ್ಕರೆ ಹಾಕಿಕೊಳ್ಳುವುದು ಹಳಬರ ಉಪಾಯ. ತಲೆಯ ಕಡೆ ಮುಚ್ಚಳದಷ್ಟನ್ನು ಮಾತ್ರ ಹರಿತವಾದ ಅಲಗಿನಿಂದ ಕತ್ತರಿಸಬೇಕು. ಬೆಂಕಿಯನ್ನು ತುದಿಗೆ ತಾಗಿಸದೆ, ಹಪ್ಪಳ ಸುಡುವಂತೆ ತಿರುಗಿಸುತ್ತ ಅಂಚೆಲ್ಲ ಕೆಂಪಾಗುವಂತೆ ಹಚ್ಚಬೇಕು. ಆಮೇಲೆ ನಿಮಿಷಕ್ಕೊಂದು ದಮ್ಮು ಸಾಕು. ಬೇಗ ಬೇಗ ಎಳೆದರೆ ಎಲೆ ಕಾದು ಕಹಿ ಕಾರುತ್ತದೆ. ಮೊದಲ ಅಂಗುಲದಲ್ಲಿ ಮೆಣಸಿನ ಖಾರ. ಅದು ಇಳಿದ ಮೇಲೆ ಹುರಿದ ಕಾಫಿಯ, ಸಿಹಿಯಿಲ್ಲದ ಕೋಕೊದ ರುಚಿ. ಕೊನೆಯ ಮೂರನೇ ಒಂದು ಭಾಗದಲ್ಲಿ ಘಾಟು ಮತ್ತೆ ಏರುತ್ತದೆ. ಐದಂಗುಲದ ಚುರುಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಬೂದಿ ಉದುರದೆ ಗಟ್ಟಿಯಾಗಿ ನಿಂತರೆ ಒಳಗೆ ಉದ್ದನೆಯ ಇಡೀ ಎಲೆಗಳಿವೆ ಎಂದರ್ಥ. ಬೇಗ ಉದುರಿದರೆ ತುಂಡು ಎಲೆ ತುಂಬಿರಬಹುದು.

ಹೊಗೆ ನುಂಗದಿದ್ದರೆ ಅಪಾಯವಿಲ್ಲ ಎಂಬುದು ಚುರುಟಿನವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ವೈದ್ಯರು ಅದನ್ನು ಒಪ್ಪುವುದಿಲ್ಲ. ದೊಡ್ಡದೊಂದು ಚುರುಟಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಚುರುಟೂ ಕಾರಣವೆಂಬುದು ಸಿದ್ಧಪಟ್ಟಿದೆ. ವಾರಕ್ಕೊಂದು ಸೇದುವವನಿಗೂ ದಿನಕ್ಕೆ ನಾಲ್ಕು ಸೇದುವವನಿಗೂ ಅಪಾಯದಲ್ಲಿ ಅಂತರವಿದೆ, ಆದರೆ ಸೊನ್ನೆ ಎಂಬುದು ಯಾರ ಪಾಲಿಗೂ ಇಲ್ಲ. ಹೊಲದಲ್ಲಿ ಇಬ್ಬನಿಯ ಒದ್ದೆ ಎಲೆ ಕೊಯ್ಯುವವರ ಚರ್ಮದ ಮೂಲಕವೂ ನಿಕೋಟಿನ್ ಒಳಗಿಳಿದು ವಾಂತಿ, ತಲೆಸುತ್ತು ತರುವುದುಂಟು. ಅವರು ಚುರುಟು ಸೇದಿರಬೇಕಾಗಿಯೂ ಇಲ್ಲ.

ಇನ್ನು ಬೆಲೆಯ ಮಾತು. ಅಂಗಡಿಯಲ್ಲಿ ಚುರುಟಿನ ಬೆಲೆ ಏರಿಸುವುದು ಬಹುಮಟ್ಟಿಗೆ ಅದರ ಪೆಟ್ಟಿಗೆ, ಬಣ್ಣದ ಪಟ್ಟಿ, ಎಲೆ ಕೊಳೆಹಾಕಿದ ವರ್ಷಗಳು ಮತ್ತು ಜಾಹೀರಾತು. ಒಂದು ಪೆಟ್ಟಿಗೆಯೊಳಗಿನ ಚುರುಟುಗಳೆಲ್ಲ ಒಂದೇ ಛಾಯೆಯಲ್ಲಿರಬೇಕೆಂದು ಕಾರ್ಖಾನೆಯಲ್ಲಿ ಬಣ್ಣ ನೋಡಿ ವಿಂಗಡಿಸುತ್ತಾರೆ. ಹೊರಹೊದಿಕೆಯ ಬಣ್ಣ ಹೊಂದದೆ, ಅಥವಾ ಒಂದು ಸಣ್ಣ ಕಲೆಯಿಂದಾಗಿ ಹೊರಬಿದ್ದವನ್ನು ಪಟ್ಟಿಯಿಲ್ಲದೆ ಇಪ್ಪತ್ತೋ ಇಪ್ಪತ್ತೈದೋ ಸೇರಿಸಿ ಕಟ್ಟು ಕಟ್ಟಿ 'ಸೆಕೆಂಡ್ಸ್' ಎಂದು ಮಾರುತ್ತಾರೆ. ಒಳಗಿನ ಎಲೆ ಅದೇ, ಸುತ್ತಿದ ಕೈ ಅದೇ. ಜಾಣ ಗಿರಾಕಿ ಹುಡುಕುವುದು ಇದನ್ನು. ಕೊಂಡ ತಕ್ಷಣ ಸೇದದೆ ಶೇ 65ರಿಂದ 70ರ ತೇವದಲ್ಲಿ ಕೆಲವು ತಿಂಗಳು ಇಟ್ಟರೆ ಅದರ ಒರಟುತನವೂ ತಗ್ಗುತ್ತದೆ. ಭಾರತಕ್ಕೆ ಬರುವ ಹೊತ್ತಿಗೆ ಸುಂಕ, ತೆರಿಗೆ ಸೇರಿ ಈ ಅಗ್ಗದ ಲೆಕ್ಕವೆಲ್ಲ ತಲೆಕೆಳಗಾಗುವುದು ಬೇರೆ ವಿಷಯ.

ಆದರೆ ಅಗ್ಗದ ಬುಡ ಇರುವುದು ಸುತ್ತುವ ಮೇಜಿನಲ್ಲಿ. ಎಸ್ತೆಲಿಯ ಕಾರ್ಖಾನೆಗಳಲ್ಲಿ ಜೋಡಿಯಾಗಿ ಕೆಲಸ. ಒಬ್ಬರು, ಸಾಮಾನ್ಯವಾಗಿ ಗಂಡಸು, ಒಳಗಿನ ಎಲೆಗಳನ್ನು ಕೂಡಿಸಿ ಹಿಡಿದು ಒಳಹೊದಿಕೆಯಲ್ಲಿ ಸುತ್ತಿ ಅಚ್ಚಿಗೆ ಹಾಕುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಹೆಂಗಸು, ಅರ್ಧಚಂದ್ರದಂಥ ಅಲಗಿನಿಂದ ಹೊರಹೊದಿಕೆ ಕತ್ತರಿಸಿ, ನರ ಕಾಣದಂತೆ ಸುತ್ತಿ, ತಲೆಗೆ ಟೋಪಿ ಅಂಟಿಸುತ್ತಾರೆ. ದಿನಕ್ಕೆ ನೂರಾರು ಚುರುಟು, ಕೂಲಿ ಎಣಿಕೆಯ ಮೇಲೆ. ದಕ್ಷಿಣ ಕನ್ನಡದಲ್ಲಿ ಮನೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವರಿಗೆ ಈ ಎಣಿಕೆಯ ಲೆಕ್ಕ ಗೊತ್ತು. ಇದೇ ಎಲೆಯನ್ನು ಇದೇ ನಯದಿಂದ ಮಯಾಮಿಯಲ್ಲಿ ಸುತ್ತಿಸಿದರೆ ಬೆಲೆ ಎಷ್ಟೋ ಪಟ್ಟು ಆಗುತ್ತದೆ. ಹಿತ್ತಿಲ ಕುರ್ಚಿಯ ಮನುಷ್ಯನಿಗೆ ಉಳಿಯುವ ಡಾಲರು ಈ ಎರಡು ಕೂಲಿಗಳ ನಡುವಿನ ಅಂತರದಿಂದ ಬಂದದ್ದು. ಹಾಗೆಂದು ಆ ಮೇಜು ಇಲ್ಲದಿದ್ದರೆ ಎಸ್ತೆಲಿಯಲ್ಲಿ ಬೇರೆ ಉದ್ಯೋಗ ಕಾದು ಕುಳಿತಿದೆಯೆಂದೇನೂ ಅಲ್ಲ. ಊರಿನ ದೊಡ್ಡ ಪಾಲಿನ ಅನ್ನ ಆ ಎಲೆಯದೇ.

2006ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಿಂದ ನಿಕರಾಗುವಾದ ಚುರುಟಿಗೆ ಅಮೆರಿಕದ ಆಮದು ಸುಂಕ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ನಿಕರಾಗುವಾದ ಸರಕಿಗೆ ಶೇ 18 ಸುಂಕ ಘೋಷಿಸಿತು. ನೆರೆಯ ಹೊಂಡುರಾಸಿಗೆ ಶೇ 10. ಹೊಂಡುರಾಸಿನಲ್ಲೂ ದಾನ್ಲಿ ಎಂಬ ಚುರುಟಿನ ಊರು ಒಂದುಂಟು, ಹಲಾಪಾ ಕಣಿವೆಯಿಂದ ಗಡಿ ದಾಟಿದರೆ ಬಹಳ ದೂರವಿಲ್ಲ. 1980ರ ದಶಕದಲ್ಲಿ ಎಸ್ತೆಲಿಯ ಬೆಳೆಗಾರರು ಎಲೆ, ಬೀಜ ಕಟ್ಟಿಕೊಂಡು ಹೋದದ್ದು ಆ ಕಡೆಗೇ.